ಮುಚ್ಚಳದ ಕೆಳಗಿನ ತಗಡು

ನಂಜನಗೂಡಿನ ನೀರಿನ ಆಫೀಸಿನವರು ರೋಜಾಳನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದೇ ಅವಳು ಹೆಂಗಸು ಅನ್ನುವ ಕಾರಣಕ್ಕೆ. ತೊಂಬತ್ತೇಳನೇ ಇಸವಿಯ ಮಾತು. ಆಗ ನೀರಿನ ಮೀಟರುಗಳು ಮನೆಗಳ ಹಿತ್ತಲಲ್ಲಿ, ಬಚ್ಚಲ ಮಗ್ಗುಲಲ್ಲಿ ಇರುತ್ತಿದ್ದವು. ಗಂಡಸರು ಕೆಲಸಕ್ಕೆ ಹೋದ ಮೇಲೆ ಮೀಟರ್ ನೋಡುವವನು ಬಂದು ಬಾಗಿಲು ಬಡಿದರೆ ಒಳಗಿದ್ದ ಹೆಂಗಸರು ತೆಗೆಯುತ್ತಿರಲಿಲ್ಲ. ಒಬ್ಬಳು ಹೆಣ್ಣುಮಗಳನ್ನು ಇಟ್ಟುಕೊಂಡರೆ ವಾಸಿ ಅಂತ ಆಫೀಸಿನಲ್ಲಿ ಯಾರಿಗೋ ಹೊಳೆಯಿತು. ದೇವನೂರಿನ ದೊಡ್ಡಮಾದಯ್ಯನ ಮಗಳು ರೋಜಾ ಎಸ್ಸೆಸ್ಸೆಲ್ಸಿ ಪಾಸಾಗಿ, ಮದುವೆಯಾಗಿ, ನಂಜನಗೂಡಿನಲ್ಲೇ ಬಾಡಿಗೆ ಮನೆಯಲ್ಲಿದ್ದಳು. ದಿನಗೂಲಿಯ ಮೇಲೆ ಸೇರಿಕೊಂಡಳು.

ಬಾಗಿಲುಗಳೇನೋ ತೆರೆದವು. ಆದರೆ ಎಲ್ಲ ಬಾಗಿಲೂ ಒಂದೇ ಥರ ತೆರೆಯಲಿಲ್ಲ. ಕೆಲವು ಬೀದಿಗಳಲ್ಲಿ ಅವಳ ಊರು ಕೇಳಿ, ಅಪ್ಪನ ಹೆಸರು ಕೇಳಿ, ಆಮೇಲೆ ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋಗು ಅನ್ನುತ್ತಿದ್ದರು. ಅವಳು ಹೊರಗೆ ಬಂದು ಎರಡು ಮನೆ ದಾಟುವಷ್ಟರಲ್ಲಿ ಹಿಂದೆ ಸಂದಿಗೆ ನೀರು ಹಾಕುವ ಸದ್ದು ಕೇಳುತ್ತಿತ್ತು. ರೋಜಾ ತಿರುಗಿ ನೋಡುತ್ತಿರಲಿಲ್ಲ. ತನ್ನ ಅವ್ವ ಚಲುವಮ್ಮ ಕಂಡವರ ಗದ್ದೆಯಲ್ಲಿ ಬಗ್ಗಿ ಬಗ್ಗಿ ನಡು ಕಳೆದುಕೊಂಡಿದ್ದಳು. ತಾನು ಕೊರಳಲ್ಲಿ ಕಾರ್ಡು ಹಾಕಿಕೊಂಡು ನೆಟ್ಟಗೆ ನಡೆಯುತ್ತಿದ್ದೇನೆ, ಅಷ್ಟು ಸಾಕು ಅಂದುಕೊಳ್ಳುತ್ತಿದ್ದಳು.

ಎರಡು ಸಾವಿರದ ನಾಲ್ಕರಲ್ಲಿ ಹೊಸ ಮೀಟರುಗಳು ಬಂದವು. ಹಿತ್ತಲಲ್ಲಿದ್ದವನ್ನೆಲ್ಲ ಕಿತ್ತು, ಗೇಟಿನ ಹೊರಗೆ ಸಣ್ಣ ಗುಂಡಿ ತೆಗೆದು ಅದರಲ್ಲಿ ಕೂರಿಸಿ, ಮೇಲೊಂದು ಸಿಮೆಂಟಿನ ಮುಚ್ಚಳ ಹಾಕಿದರು. ಪ್ರತಿ ಮೀಟರಿನ ತಲೆಯ ಮೇಲೂ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ರೋಜಾಳ ಕೊರಳಿಗೆ ಒಂದು ಯಂತ್ರ ಬಂತು. ಬೀದಿಯಲ್ಲಿ ನಡೆದುಹೋಗುತ್ತಿದ್ದರೆ ಸಾಕು, ಪ್ರತಿ ಗುಂಡಿಯ ಪೆಟ್ಟಿಗೆಯೂ ಒಳಗಿನಿಂದಲೇ ರೀಡಿಂಗ್ ಕಳಿಸುತ್ತಿತ್ತು, ಯಂತ್ರ ಕುಯ್ ಅನ್ನುತ್ತಿತ್ತು. ಕೆಲವು ಕಡೆ ಸಿಮೆಂಟಿನ ಮುಚ್ಚಳ ಒಡೆದು ಮನೆಯವರು ಕಬ್ಬಿಣದ ತಗಡು ಮುಚ್ಚಿದ್ದರೆ ಮಾತ್ರ ಯಂತ್ರಕ್ಕೆ ಏನೂ ಕೇಳಿಸುತ್ತಿರಲಿಲ್ಲ. ತಗಡು ಸರಿಸಿದ ಕೂಡಲೇ ಕುಯ್ ಅನ್ನುತ್ತಿತ್ತು.

"ಇನ್ಮೇಲೆ ಒಳಗ್ ಬರೋ ಹಂಗೇ ಇಲ್ವಲ್ಲ, ಒಳ್ಳೇದಾಯ್ತು ಬಿಡು," ಅಂತ ಒಬ್ಬಾಕೆ ನಗುನಗುತ್ತಲೇ ಅಂದಿದ್ದಳು.

ಒಳಗೆ ಕರೆಯುವುದನ್ನು ಬಿಡದವಳೆಂದರೆ ಶಾಂತಿ. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಮೊದಲನೇ ಮನೆ ಅವಳದು. ಗಂಡ ಲಾರಿ ಓಡಿಸುತ್ತಿದ್ದ, ವಾರಗಟ್ಟಲೆ ಬರುತ್ತಿರಲಿಲ್ಲ. "ರೋಜಕ್ಕ, ಬಿಸ್ಲಲ್ಲಿ ಎಲ್ ಹೋಗ್ತೀರಾ, ಬನ್ನಿ," ಅಂತ ಗೇಟಿಗೆ ಬಂದು ಕೈ ಹಿಡಿದು ಎಳೆಯುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಇಬ್ಬರೂ ಕುಕ್ಕುರುಗಾಲಲ್ಲಿ ಕೂತು ಟೀ ಕುಡಿಯುತ್ತಿದ್ದರು. ಶಾಂತಿಯನ್ನು ನೋಡಿ ಆ ಓಣಿಯವರೂ ರೋಜಾಳನ್ನು ಮಾತಾಡಿಸುವುದು ಕಲಿತರು.

ಹೀಗೆ ನಾಲ್ಕು ವರ್ಷ ನಡೆಯಿತು. ಎಂಟನೇ ಇಸವಿ ಬೇಸಿಗೆಗೆ ಮುಂಚೆ ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಒಂದು ಕಂಬ ಎದ್ದಿತು. ಜೂನಿಯರ್ ಎಂಜಿನಿಯರ್ ಕೃಷ್ಣಕುಮಾರ್ ದಿನಗೂಲಿಯವರನ್ನೆಲ್ಲ ಕರೆದು ಹೇಳಿದರು.

"ಸಿಸ್ಟಮ್ ಅಪ್‌ಗ್ರೇಡ್ ಆಗ್ತಿದೆ. ಇನ್ನು ಟ್ಯಾಂಕ್ ಮೇಲಿನ ಕಂಬಾನೇ ಊರಿನ ಮೀಟರೆಲ್ಲ ಓದ್ಕೊಳ್ಳುತ್ತೆ. ಇಲ್ಲಿ ಕಂಪ್ಯೂಟರಿಗೆ ಬಂದ್ಬಿಡುತ್ತೆ. ಬೀದಿ ನಡೆಯೋ ಕೆಲಸ ಇರಲ್ಲ."

"ಅಂಗಾದ್ರೆ ನಾನು, ಸಾ?" ಅಂದಳು ರೋಜಾ.

ಕೃಷ್ಣಕುಮಾರ್ ಕೆಟ್ಟ ಮನುಷ್ಯರಲ್ಲ. ಟೀ ಲೋಟ ನೋಡುತ್ತಾ, "ಮೂರು ತಿಂಗಳು ಟ್ರಯಲ್ ಇದೆಯಮ್ಮ. ಸಿಗ್ನಲ್ ಸಿಗದ ಮನೆಗಳು ಜಾಸ್ತಿ ಇದ್ರೆ ನಡೆಯೋರ್ನ ಇಟ್ಕೋಬೇಕಾಗುತ್ತೆ. ನೋಡೋಣ," ಅಂದರು.

ಆಚೆ ಬಂದ ಮೇಲೆ ದಿನಗೂಲಿಯವರ ಮುಖಂಡ ಮಹದೇವಯ್ಯ ಅವಳನ್ನು ಪಕ್ಕಕ್ಕೆ ಕರೆದ. ವಾಲ್ವ್ ತಿರುಗಿಸುವ ಕೆಲಸ ಅವನದು, ಅದಕ್ಕೆ ಕುತ್ತಿರಲಿಲ್ಲ. "ನಮ್ ಫೈಲು ಮೇಲಕ್ಕೋಗ್ಯದೆ ಕಣವ್ವ. ಆರ್ಡರ್ ಬಂದ್ ದಿನ ಯಾರ್ ಯಾರು ಕೆಲ್ಸದಲ್ಲಿದ್ದಾರೋ ಅವ್ರೆಲ್ಲ ಪರ್ಮನೆಂಟು. ಎಂಗಾರ ಮಾಡಿ ಅಲ್ಲೀಗಂಟ ಇರು. ಒಂದ್ಸಲ ಆಚ್ಗೋದ್ರೆ ಮತ್ತೆ ಒಳೀಕ್ ಬಿಟ್ಕಳಲ್ಲ."

ಹನ್ನೊಂದು ವರ್ಷ ಬಿಸಿಲಲ್ಲಿ ನಡೆದದ್ದು ಇನ್ನು ಕೆಲವೇ ತಿಂಗಳಿಗೆ ನೀರಿನಲ್ಲಿ ಹೋಮವಾಗುವುದರಲ್ಲಿತ್ತು. ರೋಜಾ ಕೌನ್ಸಿಲರ ಮನೆಯ ಜಗಲಿಯಲ್ಲಿ ಕಾದಳು. ದೊಡ್ಡ ಸಾಹೇಬರ ಜೀಪಿನ ಪಕ್ಕ ನಿಂತು ಕೈಮುಗಿದಳು. ಕಸ ಗುಡಿಸುವ ಕೆಲಸವಾದರೂ ಸರಿ, ಟ್ಯಾಂಕ್ ಕಾಯುವುದಾದರೂ ಸರಿ ಅಂದಳು. ನೋಡೋಣ, ನೋಡೋಣ ಅಂದರು ಎಲ್ಲರೂ. ಕಂಬ ನೆಟ್ಟ ಕಂಪನಿಯ ಸೂಪರ್‌ವೈಸರನನ್ನೂ ಕೇಳಿದಳು. ಅವನು ಮೇಲೆ ಕಂಬದ ಕಡೆ ನೋಡಿ, "ಅದಕ್ಕೆ ಸಂಬಳ ಬೇಡ, ರಜ ಬೇಡ, ಕಾಯಿಲೆ ಕಸಾಲೆ ಇಲ್ಲ. ನಿನ್ನನ್ನ ತಗೊಂಡು ನಾನೇನಮ್ಮಾ ಮಾಡಲಿ?" ಅಂದ.

ಗಂಡ ಗುರು ತಿ. ನರಸೀಪುರದ ಒಂದು ರೈಸ್‌ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ. ಅಲ್ಲೇ ಉಳಿದು ಭಾನುವಾರಕ್ಕೊಮ್ಮೆ ಬರುತ್ತಿದ್ದ. ತೌಡಿನ ದೂಳು ಎದೆಗಿಳಿದು ಮಾತಾಡುವುದಕ್ಕಿಂತ ಹೆಚ್ಚಾಗಿ ಕೆಮ್ಮುತ್ತಿದ್ದ. ಇನ್ನೆಷ್ಟು ದಿನ ಮೂಟೆ ಹೊರುತ್ತಾನೋ ಅನ್ನುವುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆಡುತ್ತಿರಲಿಲ್ಲ. ಮಗಳು ಧನುಶ್ರೀ ಸುತ್ತೂರಿನ ಶಾಲೆಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮೂವರ ಭಾರವೂ ಆ ಒಂದು ಆರ್ಡರಿನ ಮೇಲೆ ನಿಂತಿತ್ತು.

ಸಿಗ್ನಲ್ ಸಿಗದ ಮನೆಗಳು ಜಾಸ್ತಿ ಇದ್ದರೆ. ಎಂಜಿನಿಯರ ಆ ಮಾತು ರೋಜಾಳ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಒಂದು ಮಧ್ಯಾಹ್ನ ದಿನಸಿ ಅಂಗಡಿಯಿಂದ ಎರಡು ಖಾಲಿ ಎಣ್ಣೆ ಟಿನ್ನು ಕೇಳಿ ತಂದಳು. ಕತ್ತರಿಸಿ, ಕಲ್ಲಿನಿಂದ ಬಡಿದು ಚಪ್ಪಟೆ ಮಾಡಿದಳು. ಅಂಚು ತಾಗಿ ಅಂಗೈ ಸೀಳಿತು. ಬಟ್ಟೆ ಸುತ್ತಿಕೊಂಡು, ತಗಡುಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಯಾವ ಓಣಿ? ಮುಚ್ಚಳ ಎತ್ತಿದರೆ 'ಏನು ಮಾಡ್ತಿದ್ದೀಯೇ' ಅಂತ ಗದರಿಸದ ಓಣಿ ಒಂದೇ ಇತ್ತು. ಎಲ್ಲರೂ ಉಂಡು ಮಲಗಿದ್ದ ಹೊತ್ತು. ಮೊದಲು ಶಾಂತಿಯ ಗೇಟು. ಮುಚ್ಚಳ ಸರಿಸಿ ಪೆಟ್ಟಿಗೆಯ ಮೇಲೆ ತಗಡು ಹೊದಿಸಿ ಮುಚ್ಚಿದಳು. ಆಮೇಲೆ ಅದರಾಚೆಯದು, ಅದರಾಚೆಯದು. ಕೊನೆಯ ಮನೆಯ ಕಿಟಕಿಯಿಂದ ಒಬ್ಬಾಕೆ ಇಣುಕಿ, "ಏನ್ ರೋಜಮ್ಮ, ಈ ಉರಿಬಿಸ್ಲಲ್ಲಿ?" ಅಂದಳು. "ಚೆಕಿಂಗ್ ಕಣವ್ವ," ಅಂದಳು. ತನ್ನ ದನಿ ತನಗೇ ಗುರುತು ಸಿಗಲಿಲ್ಲ.

ಕಂಪ್ಯೂಟರಿನಲ್ಲಿ ಆ ಓಣಿ ಪೂರ್ತಿ ಖಾಲಿ ಬಂತು. ಕೃಷ್ಣಕುಮಾರ್ ಕರೆದು, "ಆ ಓಣಿಯದ್ದು ನೀನೇ ನಡೆದು ತಗೊಂಡು ಬಾ. ಸದ್ಯಕ್ಕೆ ನಿನ್ನ ಹೆಸರು ಮುಂದುವರೀಲಿ," ಅಂದರು. ರೋಜಾ ಆಫೀಸಿನ ಹಿಂದೆ ಹೋಗಿ ಗೋಡೆಗೆ ಆನಿಕೊಂಡು ಕೂತುಬಿಟ್ಟಳು.

ಆದರೆ ಸೂಪರ್‌ವೈಸರ್ ಸುಮ್ಮನಿರುವ ಆಸಾಮಿಯಲ್ಲ. ಒಂದೇ ಓಣಿಯ ಮೀಟರುಗಳೆಲ್ಲ ಒಟ್ಟಿಗೆ ಹೇಗೆ ಸಾಯುತ್ತವೆ ಅಂತ ಇಬ್ಬರು ಕೂಲಿಯವರನ್ನು ಕರೆದುಕೊಂಡು ಬಂದ. ಮೊದಲ ಮನೆಯ ಮುಚ್ಚಳ ಎತ್ತಿಸಿದ. ತಗಡು ಸಿಕ್ಕಿತು. ಅದನ್ನು ಎತ್ತಿ ಹಿಡಿದು ಇಡೀ ಓಣಿಗೆ ಕೇಳುವಂತೆ, "ನೋಡ್ರಪ್ಪ, ನೀರು ಕದಿಯೋ ಉಪಾಯ ನೋಡಿ," ಅಂತ ಕೂಗಿದ. ಶಾಂತಿ ಎಷ್ಟು ಹೇಳಿದರೂ ಕೇಳಲಿಲ್ಲ. ನಿಂತ ಕಾಲಲ್ಲೇ ನಲ್ಲಿ ಕತ್ತರಿಸಿ ಬಿರಡೆ ಹಾಕಿಸಿದ. ಉಳಿದ ಮನೆಗಳನ್ನು ನಾಳೆ ನೋಡುತ್ತೇನೆ ಅಂತ ಹೋದ.

ಅವನು ತಿರುಗಿ ಬರುವುದರೊಳಗೆ ಓಣಿಯವರೆಲ್ಲ ತಮ್ಮ ತಮ್ಮ ಮುಚ್ಚಳ ಎತ್ತಿ ನೋಡಿಕೊಂಡರು. ಎಲ್ಲರಿಗೂ ತಗಡು ಸಿಕ್ಕಿತು. ಒಬ್ಬರೂ ಬಾಯಿ ಬಿಡಲಿಲ್ಲ, ತೆಗೆದು ತಿಪ್ಪೆಗೆ ಎಸೆದು ಸುಮ್ಮನಾದರು. ಮರುದಿನ ಎಲ್ಲ ಮೀಟರುಗಳೂ ಸರಿಯಾಗಿದ್ದವು. ಕಳ್ಳರ ಮನೆ ಅಂತ ಆಗಿದ್ದು ಶಾಂತಿಯದೊಂದೇ.

ಶಾಂತಿಗೆ ಆಗಷ್ಟೇ ಹೆರಿಗೆಯಾಗಿತ್ತು. ಬಾಣಂತನಕ್ಕೆಂದು ತಿ. ನರಸೀಪುರದಿಂದ ಅವಳ ತಾಯಿ ಮಂಗಳಮ್ಮ ಬಂದಿದ್ದರು. ರೋಜಾ ಟೀಗೆ ಬಂದಾಗ ಅವರೂ ಜೊತೆಗೆ ಕೂತು ಅವಳ ಗಂಡನ ಕೆಮ್ಮಿನ ಬಗ್ಗೆ ವಿಚಾರಿಸಿದ್ದರು. ಮಗುವಿನ ಎಣ್ಣೆನೀರಿಗೆ, ಬಾಣಂತಿಯ ಸ್ನಾನಕ್ಕೆ, ರಾಶಿ ಬಟ್ಟೆಗೆ ನೀರು ಬೇಕೇ ಬೇಕು. ಅಕ್ಕಪಕ್ಕದವರು ಒಂದು ಕೊಡ ಕೊಟ್ಟರು, ಎರಡನೇ ಕೊಡಕ್ಕೆ ಮುಖ ತಿರುಗಿಸಿದರು. ಕಳ್ಳರಿಗೆ ನೀರು ಕೊಟ್ಟರೆ ತಮ್ಮ ನಲ್ಲಿಗೂ ಕುತ್ತು ಬಂದೀತೆಂಬ ಹೆದರಿಕೆ. ಮಂಗಳಮ್ಮ ಎರಡು ಕೊಡ ಎತ್ತಿಕೊಂಡು ಕಪಿಲೆಗೆ ಹೊರಟರು.

ಇದೊಂದೂ ಗೊತ್ತಿಲ್ಲದೆ ರೋಜಾ ಅದರ ಮಾರನೆಯ ದಿನ ಯಂತ್ರ ನೇತುಹಾಕಿಕೊಂಡು ಓಣಿಗೆ ಬಂದಳು. ಶಾಂತಿ ತಲೆಗೆ ಬಟ್ಟೆ ಕಟ್ಟಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ಒಳಗೆ ಮಗು ಚೀರುತ್ತಿತ್ತು. ರೋಜಾಳನ್ನು ಕಂಡದ್ದೇ ಅವಳ ಅಳು ಕಟ್ಟೆಯೊಡೆಯಿತು.

"ರೋಜಕ್ಕ, ನಮ್ಮಮ್ಮ ಹೊಳೆ ಮೆಟ್ಲಲ್ಲಿ ಜಾರಿ ಬಿದ್ಬಿಟ್ರು. ಮೊಣಕೈ ಮುರಿದು ಮೂಳೆ ಆಚೆ ಬಂದಿದೆ, ಆಸ್ಪತ್ರೆಲವ್ರೆ. ಇವ್ರು ಎಲ್ಲಿದಾರೋ, ಫೋನಿಗೇ ಸಿಗ್ತಿಲ್ಲ. ನೀವಾದ್ರೂ ಆಫೀಸಲ್ಲಿ ಹೇಳಿ. ನಾವು ಅಂಥೋರಲ್ಲ ಅಂತ ನಿಮಗ್ ಗೊತ್ತಲ್ವಾ?"

ರೋಜಾ ಕೊಡ ತೆಗೆದುಕೊಂಡು ಮಾರ್ಕೆಟ್ಟಿನ ತೊಟ್ಟಿಯಿಂದ ನೀರು ತಂದು ತಂದು ಹಂಡೆ ತುಂಬಿಸಿದಳು. ಮಗುವಿನ ಬಟ್ಟೆ ಒಗೆದು ಹರವಿದಳು. "ನೀವಿಲ್ದಿದ್ರೆ ಏನ್ ಗತಿಯಿತ್ತಕ್ಕ," ಅಂತ ಶಾಂತಿ ಅಂದಾಗ ಯಂತ್ರವನ್ನು ಅಲ್ಲೇ ಮರೆತು ಓಣಿಯಿಂದ ಆಚೆ ಓಡಿದಳು.

ಭಾನುವಾರ ಗುರು ಬಂದಾಗ ಎಲ್ಲ ಹೇಳಿದಳು.

"ಸುಮ್ಕಿದ್ಬುಡಮ್ಮಿ," ಅಂದ. "ನಾಕ್ ದಿನ್ಕೆ ಅವ್ರೇ ನಲ್ಲಿ ಕೊಡ್ತರೆ. ಕೈಯೂ ವಾಸಿಯಾಯ್ತದೆ. ನೀನು ಬಾಯ್ಬುಟ್ರೆ ನಮ್ ಬದ್ಕೇ ಓಯ್ತದೆ."

"ಆ ಮಗೀನ ಬಟ್ಟೆ ಒಗೀತಿದ್ನಲ್ಲ, ಆಗ ಶಾಂತವ್ವ ನನ್ ಬೆನ್ನು ಸವರ್ತಿದ್ಲು ಕಣೋ. ಬೆನ್ ಸವರ್ತಿದ್ಲು!"

ಗುರು ಕೆಮ್ಮತೊಡಗಿದ. ಕೆಮ್ಮು ನಿಂತ ಮೇಲೆ ಬೇಡ ಅಂತ ಇನ್ನೊಮ್ಮೆ ಹೇಳಲಿಲ್ಲ.

ಸೋಮವಾರ ರೋಜಾ ಎಂಜಿನಿಯರ ಮೇಜಿನ ಮುಂದೆ ನಿಂತಳು. ಸೂಪರ್‌ವೈಸರನೂ ಅಲ್ಲೇ ಇದ್ದ.

"ಆ ತಗಡು ಮಡಗಿದ್ದು ನಾನೇಯ ಸಾ. ಎಲ್ಲಾ ಮನೇಗೂ ನಾನೇ ಮಡಗ್ದೆ. ಶಾಂತವ್ವಂದೇನೂ ತೆಪ್ಪಿಲ್ಲ."

ಕೃಷ್ಣಕುಮಾರ್ ಕಣ್ಣು ಮುಚ್ಚಿಕೊಂಡರು. ಸೂಪರ್‌ವೈಸರ್ ಕುರ್ಚಿ ತಳ್ಳಿ ಎದ್ದು ಪೊಲೀಸಿಗೆ ಕೊಡುತ್ತೇನೆ ಅಂತ ಹಾರಾಡಿದ. ಅವನನ್ನು ಆಚೆ ಕಳಿಸಿ ಎಂಜಿನಿಯರ್ ಮೆಲ್ಲಗೆ ಕೇಳಿದರು: "ಯಾಕಮ್ಮಾ ಹಿಂಗ್ ಮಾಡ್ದೆ?"

"ನಾನು ಇನ್ನೇನ್ ಮಾಡ್ಬೇಕಾಗಿತ್ತು, ನೀವೇ ಯೋಳಿ ಸಾ," ಅಂದಳು ರೋಜಾ. ಅದು ಎದುರುಮಾತಾಗಿರಲಿಲ್ಲ. ಅವಳಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು.

ಕೃಷ್ಣಕುಮಾರ್ ಒಂದು ಬಿಳಿ ಹಾಳೆ ಮುಂದೆ ತಳ್ಳಿದರು. ಕೆಲಸ ಬಿಟ್ಟೆನೆಂದು ಬರೆದುಕೊಟ್ಟು ಹೋಗಿಬಿಡು, ಪೊಲೀಸು ಸ್ಟೇಷನ್ನು ಆಗದ ಹಾಗೆ ನಾನು ನೋಡಿಕೊಳ್ಳುತ್ತೇನೆ ಅಂದರು. ರೋಜಾ ಬರೆದುಕೊಟ್ಟಳು. ಒಂದು ಸಲ ಓಣಿಗೆ ಬಂದು ಶಾಂತಿ ಕಳ್ಳಿಯಲ್ಲ ಅಂತ ನಾಲ್ಕು ಜನರೆದುರು ಹೇಳಿ ಸಾ ಅಂತ ಬೇಡಿಕೊಂಡಳು. ನಲ್ಲಿ ಕೊಡಿಸುತ್ತೇನೆ, ಅದೆಲ್ಲ ಆಗಲ್ಲ ಅಂದರು.

ಸಂಜೆ ನೀರು ಬಿಡುವ ಹೊತ್ತಿಗೆ ರೋಜಾ ತಾನೇ ಓಣಿಗೆ ಹೋದಳು. ಹೆಂಗಸರೆಲ್ಲ ಗೇಟಿನ ಬಳಿ ಕೊಡ ಬಿಂದಿಗೆ ಹಿಡಿದು ನಿಂತಿದ್ದರು. ಓಣಿಯ ನಡುವೆ ನಿಂತು ಗಟ್ಟಿಯಾಗಿ ಹೇಳಿದಳು. ತಗಡು ಯಾರು ಇಟ್ಟರು, ಯಾಕೆ ಇಟ್ಟರು, ಎಲ್ಲ ಹೇಳಿದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬೊಬ್ಬರೇ ತಲೆ ತಗ್ಗಿಸಿ ಒಳಗೆ ಹೋದರು. ಶಾಂತಿ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಬಿದ್ದ ಸದ್ದು ರೋಜಾಳಿಗೆ ಕೇಳಿಸಿತು.

ಮುಂದಿನ ವರ್ಷ ಆರ್ಡರು ಬಂತು. ಮಹದೇವಯ್ಯನೂ ಇನ್ನಿಬ್ಬರೂ ಪರ್ಮನೆಂಟ್ ಆದರು. ಆ ಹೊತ್ತಿಗೆ ಗುರು ಮೂಟೆ ಹೊರುವುದು ಬಿಟ್ಟು ಮನೆಯಲ್ಲಿ ಕೂತಿದ್ದ. ಅವನು ಹೊರುತ್ತಿದ್ದ ಮಿಲ್ಲಿನಲ್ಲೇ ರೋಜಾ ಕಣ ಗುಡಿಸುವುದಕ್ಕೆ, ಭತ್ತ ಹರವುವುದಕ್ಕೆ ಹೋಗುತ್ತಿದ್ದಳು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವುದು. ಬಗ್ಗಿ ಗುಡಿಸುವಾಗ ಅವ್ವನ ನಡು ನೆನಪಾಗುತ್ತಿತ್ತು. ಅತ್ತು ಅತ್ತು ಸಾಕಾಗಿ, ಅಳುವುದನ್ನೂ ಬಿಟ್ಟಿದ್ದಳು.

ಒಂದು ದಿನ ಬೆಳಗಿನ ಬಸ್ಸು ಹೊರಡುವ ಹೊತ್ತಿಗೆ ಮಂಗಳಮ್ಮ ಹತ್ತಿದರು. ಮಗಳ ಮನೆಯಿಂದ ಊರಿಗೆ ಹೊರಟಿದ್ದರೆಂದು ಕಾಣುತ್ತದೆ. ಬಲಗೈ ಮೊಣಕೈಯಲ್ಲಿ ಸೊಟ್ಟಗೆ ನಿಂತುಬಿಟ್ಟಿತ್ತು. ಕಂಬಿ ಹಿಡಿಯಲು ಎಡಗೈ ಚಾಚಿದರು, ಬಸ್ಸು ಜಗ್ಗಿದಾಗ ವಾಲಿದರು. ರೋಜಾ ದಿಗ್ಗನೆ ಎದ್ದು ನಿಂತಳು.

"ಕೂತ್ಕಳಿ ದೊಡ್ಡಮ್ಮ."

ಮಂಗಳಮ್ಮ ಅವಳ ಮುಖ ನೋಡಿದರು. ಗುರುತು ಸಿಕ್ಕಿತೆಂದು ರೋಜಾಳಿಗೆ ತಿಳಿಯಿತು. ಕೂರುವುದಿಲ್ಲ ಅನ್ನುತ್ತಾರೇನೋ, ಎಲ್ಲರೆದುರು ಏನಾದರೂ ಅನ್ನುತ್ತಾರೇನೋ ಅಂತ ಕಾದಳು. ಮಂಗಳಮ್ಮ ಕೂತು ಕಿಟಕಿಯ ಕಡೆ ತಿರುಗಿಕೊಂಡರು.

ಸುತ್ತೂರಿನಲ್ಲಿ ಜನ ನುಗ್ಗಿತು. ರೋಜಾ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಬುತ್ತಿಯ ಚೀಲ ಹಿಡಿದು ಎಲ್ಲರ ನಡುವೆ ಹಿಸುಕಿಹೋದಳು. ಆಗ ಮಂಗಳಮ್ಮ ತಿರುಗಿ ನೋಡದೆಯೇ ಎಡಗೈ ಚಾಚಿ, ಅವಳ ಕೈಯಿಂದ ಚೀಲ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು. ನಿಂತವರ ಸಾಮಾನನ್ನು ಕೂತವರು ಇಟ್ಟುಕೊಳ್ಳುವಂತೆಯೇ. ಸೊಟ್ಟ ಕೈಯನ್ನು ಅದರ ಮೇಲೆ ಒರಗಿಸಿಕೊಂಡರು.

ತಿ. ನರಸೀಪುರದಲ್ಲಿ ಇಳಿಯುವಾಗ ಚೀಲ ಕೊಟ್ಟರು. "ಗಂಡ ಹೆಂಗವ್ನೆ?" ಅಂದರು.

"ಕೆಮ್ತಾನೆ," ಅಂದಳು ರೋಜಾ.

ಮಂಗಳಮ್ಮ ತಲೆಯಾಡಿಸಿ, ಎಡಗೈಯಲ್ಲಿ ಸೆರಗು ಸರಿಮಾಡಿಕೊಂಡು ಪೇಟೆಯ ಕಡೆ ನಡೆದರು. ಮಿಲ್ಲಿನ ಸೈರನ್ನು ಆಗಲೇ ಕೂಗಿತ್ತು. ರೋಜಾ ಬಿರಬಿರನೆ ಹೆಜ್ಜೆ ಹಾಕಿದಳು.