ಬಾಯಮ್ಮನಿಗೆ ಹೇಳದೆ ಉಳಿದದ್ದು

ಕಳೆದ ವಾರ ಕಾರ್ಕಳದಿಂದ ಉಡುಪಿಗೆ ಬರುತ್ತಿದ್ದಾಗ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತ ಹೆಂಗಸೊಬ್ಬರು ಮಗುವಿಗೆ ತಿನ್ನಿಸಲೆಂದು ಟಿಫಿನ್ ಡಬ್ಬಿ ತೆರೆದರು. ಒಳಗೆ ಸಾನ್ನಾಂ ಇತ್ತು. ನೋಡಲು ನಮ್ಮ ಇಡ್ಲಿಯಂತೆಯೇ, ಆದರೆ ಶೇಂದಿ ಹಾಕಿ ಹುಳಿ ಬರಿಸುವ, ಕೊಂಕಣಿ ಕ್ರೈಸ್ತರ ಮನೆಯ ತಿಂಡಿ. ಆ ಹುಳಿಸಿಹಿ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಮುಖ ತಿರುಗಿಸಿದೆ. ಬೈಲೂರು ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತಾ ಕುಳಿತೆ. ಪಕ್ಕದ ಮನೆಯ ಬಾಯಮ್ಮ...

ಎಪ್ಪತ್ತರ ದಶಕ ಮುಗಿಯುತ್ತಾ ಬಂದ ಕಾಲ. ನಾನು ಕಾಪುವಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಗಂಡನಿಗೆ ಹುಬ್ಬಳ್ಳಿಯಲ್ಲಿ ಕೆಲಸ, ತಿಂಗಳಿಗೊಮ್ಮೆ ಬರುತ್ತಿದ್ದರು. ಮೂರೂವರೆ ವರ್ಷದ ಮಗಳನ್ನು ಬೆಳಿಗ್ಗೆ ಬಾಯಮ್ಮನ ಹತ್ತಿರ ಬಿಟ್ಟು ಹೋದರೆ ಸಂಜೆ ಕರೆದುಕೊಂಡು ಬರುತ್ತಿದ್ದೆ. ಎರಡೂ ಮನೆಗೆ ಒಂದೇ ಬಾವಿ. ಆಕೆಗೆ ನಲವತ್ತು ದಾಟಿತ್ತು, ಮಕ್ಕಳಿರಲಿಲ್ಲ. ಗಂಡ ಬೊಂಬಾಯಿಯಲ್ಲಿ ರೈಲ್ವೆ ನೌಕರ.

ಮಗಳಿಗೆ ಎರಡು ವರ್ಷ ತುಂಬುವಾಗಲೇ ಭೇದಿ ಶುರುವಾಗಿತ್ತು. ಕಷಾಯ, ಮಾತ್ರೆ, ಮಂತ್ರಿಸಿ ಕಟ್ಟಿದ ನೂಲು ಎಲ್ಲ ಆಯಿತು. ಕೈಕಾಲು ಕಡ್ಡಿಯಾಗಿ, ಹೊಟ್ಟೆ ಮಾತ್ರ ಉಬ್ಬಿಕೊಂಡು, ಕುಳಿತಲ್ಲೇ ಕುಳಿತಿರುತ್ತಿತ್ತು ಮಗು. ಕೊನೆಗೆ ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಮಕ್ಕಳ ಡಾಕ್ಟರು ಬಗೆಬಗೆಯ ಪರೀಕ್ಷೆ ಮಾಡಿಸಿ, ನಮ್ಮನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ಇವಳ ಕರುಳಿಗೆ ಗೋಧಿ ಆಗುವುದಿಲ್ಲ. ಇದಕ್ಕೆ ಮದ್ದಿಲ್ಲ, ಪಥ್ಯವೇ ಮದ್ದು. ರವೆ, ಮೈದಾ, ಬನ್ನು, ಬಿಸ್ಕತ್ತು ಯಾವುದೂ ಬೇಡ. ಒಂದು ಚೂರು ಕೂಡ ಬೇಡ. ಅಂಗಡಿಯಿಂದ ತಂದ ಪುಡಿ, ಮಸಾಲೆ ಹಾಕುವಾಗಲೂ ವಿಚಾರಿಸಿ ಹಾಕಿ."

ಅನ್ನ ತಿನ್ನುವ ನಾಡು, ಇದೇನು ಮಹಾ ಎಂದುಕೊಂಡಿದ್ದೆ. ಬೇಕರಿಯ ಎದುರು ಮಗು ನೆಲಕ್ಕೆ ಬಿದ್ದು ಅತ್ತಾಗ, ನೆಂಟರ ಮನೆಯಲ್ಲಿ "ಒಂದು ಬಿಸ್ಕತ್ತಿಗೆ ಎಂತ ಆಗ್ತದೆ ಮಾರಾಯ್ತಿ" ಎಂದು ಕೈಗೆ ತುರುಕಿದಾಗ ಗೊತ್ತಾಯಿತು. ಪಥ್ಯದ ಪೂರ್ತಿ ಅರ್ಥ ಮಾಡಿಕೊಂಡವರು ಬಾಯಮ್ಮ ಒಬ್ಬರೇ. ಅವರು ತಮ್ಮ ಮನೆಗೆ ಬ್ರೆಡ್ಡು ತರುವುದನ್ನೇ ನಿಲ್ಲಿಸಿದರು. ಬೆಳಿಗ್ಗೆ ಚಹಾಕ್ಕೆ ಬ್ರೆಡ್ಡು ಅದ್ದಿ ತಿನ್ನದೆ ಅವರಿಗೆ ದಿನವೇ ಶುರುವಾಗುತ್ತಿರಲಿಲ್ಲ. ಆದರೂ ಮಗಳ ಜೊತೆ ಕುಳಿತು ಕುಚ್ಚಲಕ್ಕಿ ಗಂಜಿಯನ್ನೇ ಉಂಡರು. ಒಂದು ಸಂಜೆ ನಾನು ಹೋದಾಗ ಮಗಳು ಬೆಳ್ಳಗಿನ ಸಾನ್ನಾಂ ಹಿಡಿದುಕೊಂಡಿದ್ದಳು. ನನ್ನ ಮುಖ ನೋಡಿ ಬಾಯಮ್ಮ ಅವಸರದಿಂದ ಹೇಳಿದರು, "ಶೇಂದಿ ಹಾಕಲಿಲ್ಲ ಟೀಚರ್. ನಿಮ್ಮಲ್ಲಿ ಆಗುವುದಿಲ್ಲ ಅಂತ ನನಗೆ ಗೊತ್ತುಂಟು. ಎಳನೀರು ಹಾಕಿ ಹುಳಿ ಬರಿಸಿದ್ದು. ಅಕ್ಕಿ, ಉದ್ದು, ಅಷ್ಟೇ." ಮಗು ಅದನ್ನು ಬನ್ನು ಎಂದು ಕರೆಯುತ್ತಿತ್ತು.

ಮೊದಲ ತಿಂಗಳು ಸ್ವಲ್ಪ ಚೇತರಿಕೆ ಕಂಡಿತು, ಅನ್ನಕ್ಕೆ ಇಂಗಿನ ಸಾರು ಹಾಕಿ ಕೊಡತೊಡಗಿದೆ. ಆಮೇಲೆ ಮತ್ತೆ ಹೊಟ್ಟೆ ಉಬ್ಬಿತು, ಭೇದಿ ಶುರುವಾಯಿತು. ಉಬ್ಬರ ಇಳಿಯಲೆಂದು ನಾನು ದಿನಕ್ಕೆರಡು ಬಾರಿ ಇಂಗು ಕದಡಿದ ಮಜ್ಜಿಗೆ ಕುಡಿಸತೊಡಗಿದೆ. ಇಳಿಯಲಿಲ್ಲ. ಮಣಿಪಾಲದಲ್ಲಿ ತೂಕ ನೋಡಿದ ಡಾಕ್ಟರ ಮುಖ ಗಂಭೀರವಾಯಿತು. "ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗ್ತಾ ಉಂಟು. ಹೀಗೇ ಆದರೆ ಮಗು ಉಳಿಯುವುದು ಕಷ್ಟ."

ಎಲ್ಲಿಂದ? ಹಗಲಿಡೀ ಮಗು ಇರುವುದು ಎಲ್ಲಿ? ಬಸ್ಸಿನಲ್ಲಿ ಕಟಪಾಡಿ ದಾಟುವಷ್ಟರಲ್ಲಿ ನನ್ನ ಮನಸ್ಸು ತೀರ್ಪು ಕೊಟ್ಟಾಗಿತ್ತು. ನೇರ ಬಾಯಮ್ಮನ ಅಡುಗೆಮನೆಗೇ ನುಗ್ಗಿದೆ. ಕಪಾಟಿನ ಮೇಲೊಂದು ಬಿಸ್ಕತ್ತಿನ ಡಬ್ಬಿ ಕಂಡಿತು. ಎಳೆದು ಮುಚ್ಚಳ ತೆಗೆದೆ. ಒಳಗಿದ್ದದ್ದು ಗುಂಡಿ, ನೂಲುಂಡೆ, ಸೂಜಿ. ಅಲ್ಲಿಗಾದರೂ ನಿಲ್ಲಿಸಬೇಕಿತ್ತು...

"ಎಂತ ಕೊಡ್ತಾ ಇದ್ದೀರಿ ಇವಳಿಗೆ? ಅತ್ತದ್ದು ನೋಡಲಿಕ್ಕಾಗದೆ ಕೊಡುವುದಲ್ವಾ?"

"ನಾನು ಕೊಡಲಿಲ್ಲ ಟೀಚರ್. ದೇವರಾಣೆ."

"ಹೆತ್ತಿದ್ದರೆ ನಿಮಗೂ ಗೊತ್ತಾಗ್ತಿತ್ತು."

ಬಾಯಮ್ಮ ಕೆಳಗೆ ಬಿದ್ದಿದ್ದ ಮುಚ್ಚಳವನ್ನು ಹೆಕ್ಕಿ ಡಬ್ಬಿಗೆ ಹಾಕಿದರು. ಅದು ಸರಿಯಾಗಿ ಕೂರಲಿಲ್ಲ, ಮತ್ತೆ ಮತ್ತೆ ಒತ್ತುತ್ತಿದ್ದರು.

ಮರುದಿನದಿಂದ ಮಗಳನ್ನು ಶಾಲೆಗೇ ಕರೆದುಕೊಂಡು ಹೋಗಿ ತರಗತಿಯ ಮೂಲೆಯಲ್ಲಿ ಚಾಪೆ ಹಾಸಿ ಮಲಗಿಸಿದೆ. ಮೂರು ವಾರ ಕಳೆದರೂ ಭೇದಿ ನಿಲ್ಲಲಿಲ್ಲ. ಒಂದು ಶನಿವಾರ ಕಟಪಾಡಿಯ ಜೀನಸಿನಂಗಡಿಯಲ್ಲಿ ಇಂಗು ಕೇಳಿದಾಗ, ಮಗುವಿನ ಕಾಯಿಲೆಯ ವಿಷಯ ಗೊತ್ತಿದ್ದ ಅಂಗಡಿಯ ಮುದುಕರು ಪೊಟ್ಟಣ ಕಟ್ಟುತ್ತಿದ್ದ ಕೈ ನಿಲ್ಲಿಸಿದರು.

"ಇದು ಮಗುವಿಗಾ? ಗೋಧಿ ಆಗುವುದಿಲ್ಲ ಅಂತ ಹೇಳಿದ್ದಲ್ವಾ ನೀವು? ಬರೀ ಇಂಗು ಯಾರು ಮಾರ್ತಾರೆ ಟೀಚರ್, ಮೈದಾ ಕಲಸಿಯೇ ಮುದ್ದೆ ಮಾಡುವುದು."

ಅಂಗಡಿಯ ಬೆಂಚಿನ ಮೇಲೆ ಕುಳಿತುಬಿಟ್ಟೆ. ಬೆಳಿಗ್ಗೆ ಮಜ್ಜಿಗೆ, ಸಂಜೆ ಮಜ್ಜಿಗೆ, ನಡುವೆ ಸಾರು... ಹೊಟ್ಟೆ ಉಬ್ಬಿದಷ್ಟೂ ಹೆಚ್ಚು ಹಾಕಿದ್ದೆ. ವಿಚಾರಿಸಿ ಹಾಕಿ ಎಂದು ಡಾಕ್ಟರು ಹೇಳಿದ್ದು ನನಗೇ.

ಇಂಗು ಬಿಟ್ಟ ಮೇಲೆ ಮಗಳು ನಿಧಾನಕ್ಕೆ ಗುಣವಾದಳು. ಎದ್ದು ಓಡಾಡಿದಳು, ಕೆನ್ನೆ ತುಂಬಿತು. ಆದರೆ ಹತ್ತು ಹೆಜ್ಜೆ ದಾಟಿ ಹೋಗಿ "ತಪ್ಪಾಯಿತು" ಎನ್ನಲು ನನ್ನಿಂದಾಗಲಿಲ್ಲ. ಇನ್ನೂ ಸ್ವಲ್ಪ ಗುಣವಾಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಬಾವಿಕಟ್ಟೆಯಲ್ಲಿ ಎದುರಾದಾಗ ಬಾಯಮ್ಮ ತಾವೇ ಬದಿಗೆ ಸರಿದು ನನಗೆ ಹಗ್ಗ ಬಿಟ್ಟುಕೊಡುತ್ತಿದ್ದರು. ನಾನು ನೀರು ಸೇದಿಕೊಂಡು ಬರುತ್ತಿದ್ದೆ. ಹಾಗೆಯೇ ನಾಲ್ಕು ತಿಂಗಳು ಕಳೆಯಿತು.

ಒಂದು ಮಧ್ಯಾಹ್ನ ಅವರೇ ನಮ್ಮ ಮೆಟ್ಟಿಲವರೆಗೆ ಬಂದರು. ಒಳ್ಳೆಯ ಸೀರೆ ಉಟ್ಟಿದ್ದರು. "ಗಂಡನಿಗೆ ಕ್ವಾರ್ಟರ್ಸ್ ಸಿಕ್ಕಿದೆ ಟೀಚರ್, ಬೊಂಬಾಯಿಗೆ ಹೋಗ್ತಾ ಇದ್ದೇನೆ. ಹೇಳಿ ಹೋಗುವ ಅಂತ..." ಅಷ್ಟರಲ್ಲಿ ಒಳಗಿನಿಂದ ಓಡಿ ಬಂದ ಮಗಳು ಅವರ ಕೊರಳಿಗೆ ಜೋತುಬಿದ್ದಳು. ಎತ್ತಿಕೊಂಡ ಬಾಯಮ್ಮ ಒಂದು ಕ್ಷಣ ತೂಗಾಡಿ, ಬಾಗಿಲಿಗೆ ಒರಗಿ ಸಾವರಿಸಿಕೊಂಡು ನಕ್ಕರು. ಕಣ್ಣಲ್ಲಿ ನೀರಿತ್ತು.

"ಎಂತ ಭಾರ ಆಗಿದ್ದಾಳೆ ಟೀಚರ್! ನನ್ನ ಸೊಂಟ ಹೋಯಿತು!"

ಆಗಲೂ ನಾನು ಹೇಳಲಿಲ್ಲ. "ಚಹಾ ಮಾಡಲಾ?" ಎಂದು ಕೇಳಿದೆ. ಬಸ್ಸಿಗೆ ಹೊತ್ತಾಯಿತು ಎಂದರು. ವಿಳಾಸ ಕೂಡ ಕೇಳಿಕೊಳ್ಳಲಿಲ್ಲ. ಕೆಲವು ವರ್ಷಗಳ ನಂತರ ಎರಡೂ ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದ ಮಾಲೀಕರು ಮಾತಿನ ನಡುವೆ, ಬಾಯಮ್ಮ ಬೊಂಬಾಯಿಯಲ್ಲೇ ತೀರಿಕೊಂಡರಂತೆ ಎಂದರು.

ಬಸ್ಸಿನಿಂದ ಇಳಿದು ಮನೆ ಸೇರಿದವಳೇ ಮಗಳಿಗೆ ಫೋನ್ ಮಾಡಿದೆ. ಅವಳಿಗೀಗ ಐವತ್ತರ ಹತ್ತಿರ, ಇಂದಿಗೂ ಗೋಧಿ ಮುಟ್ಟುವುದಿಲ್ಲ. "ಕಾಪುವಿನ ಬಾಯಮ್ಮನ ನೆನಪು ಉಂಟಾ ನಿನಗೆ?" ಎಂದು ಕೇಳಿದೆ.

"ಯಾರಮ್ಮ ಅದು?" ಎಂದಳು.

ಒಂದನ್ನೂ ಬಿಡದೆ ಹೇಳಿದೆ. ಡಬ್ಬಿಯ ಮುಚ್ಚಳ ತೆಗೆದದ್ದು, ಆಡಬಾರದ ಆ ಮಾತು, ನಾಲ್ಕು ತಿಂಗಳ ಮೌನ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ನೀನು ಅವರಿಗೆ ಹೇಳಬೇಕಿತ್ತು, ಅಮ್ಮ" ಎಂದಳು.

ಹೌದು ಎಂದೆ.