ಪ್ರಭಾವತಿ ಅಕ್ಕಾರ ಬಿಸಿನೀರು

ಕೇಶ್ವಾಪುರದ ನಮ್ಮ ಕಡೆ ಬಂದು ಪ್ರಭಾವತಿಯ ಮನೆ ಯಾವುದೆಂದು ಕೇಳಿದರೆ ಯಾರೂ ಹೇಳುವುದಿಲ್ಲ. ಅಕ್ಕಾರ ಮನೆ ಎಂದು ಕೇಳಬೇಕು. ಸರಕಾರಿ ಸಾಲೆಯಲ್ಲಿ ಜನ್ಮವೆಲ್ಲ ಪಾಠ ಹೇಳಿದ ಹೆಂಗಸಿಗೆ ಇಲ್ಲಿ ಅದೇ ಹೆಸರು. ನಿವೃತ್ತಿಯಾದ ಮೇಲೂ ಆಕೆ ಸಾಲೆ ಬಿಡಲಿಲ್ಲ. ಕಾಯಿಪಲ್ಲೆ ಮಾರುವವನ ಉಚ್ಚಾರವನ್ನೂ ತಿದ್ದುತ್ತಾಳೆ. ನಾನು ಆಕೆಯ ತಂಗಿ, ಹಿಂದಿನ ಓಣಿಯಲ್ಲಿರುವವಳು. ತಿದ್ದಿಸಿಕೊಳ್ಳುವುದರಲ್ಲಿ ನನ್ನದು ಯಾವಾಗಲೂ ಮೊದಲ ನಂಬರು.

ನಾವು ಬೆಳೆದದ್ದು ಎರಡು ಖೋಲಿಯ ಮನೆಯಲ್ಲಿ. ಅಪ್ಪ ಹನುಮಪ್ಪ ರೈಲ್ವೆಯಲ್ಲಿ ಖಲಾಸಿ. ನೀರು ಓಣಿಯ ನಳದ್ದು, ಕಟ್ಟಿಗೆ ಅವ್ವ ಆರಿಸಿ ತಂದದ್ದು. ಬಿಸಿನೀರು ಅಪ್ಪನಿಗೆ ಮಾತ್ರ, ಅದೂ ಚಳಿಗಾಲದಲ್ಲಿ. ಅವ್ವ ನನ್ನನ್ನು ಹಡೆದು ವಾರ ಕಳೆಯುವುದರೊಳಗೆ ಕಂಡವರ ಮನೆಯ ಭಾಂಡೆ ತಿಕ್ಕಲು ಹೋಗಿದ್ದಳಂತೆ. ಬಾಣಂತಿಗೆ ಎಣ್ಣೆ ತಿಕ್ಕಿ, ಸುಡುಸುಡು ನೀರು ಹಾಕಿ, ಕಿವಿಗೆ ಬಟ್ಟೆ ಕಟ್ಟಿ ಮಲಗಿಸುವುದು ನಾವು ಬೇರೆಯವರ ಮನೆಯಲ್ಲಿ ನೋಡಿದ್ದು. ಅವ್ವನ ಸೊಂಟ ಸಾಯುವವರೆಗೂ ನೆಟ್ಟಗಾಗಲಿಲ್ಲ. ಅಕ್ಕ ಆ ಸೊಂಟ ನೋಡುತ್ತಲೇ ಓದಿದಳು, ನೌಕರಿ ಹಿಡಿದಳು.

ಹಾಗಾಗಿ ಸ್ವಂತ ಮನೆ ಕಟ್ಟಿಸಿದಾಗ ಪಡಸಾಲೆಗೆ ಬುದ್ಧನ ಫೋಟೋ ಬರುವ ಮೊದಲೇ ಬಚ್ಚಲಿಗೆ ಗೀಸರ್ ಬಂತು. ನೋಡಲು ಬಂದವರಿಗೆ ಚಹಾಕ್ಕಿಂತ ಮೊದಲು ಬಚ್ಚಲಿನ ದರ್ಶನವಾಗುತ್ತಿತ್ತು. ಆದರೆ ಅಷ್ಟು ಪ್ರೀತಿಯ ಗೀಸರಿಗೆ ಆಕೆ ಕುಡಿಸಿದ್ದು ಬೋರಿನ ಸವಳು ನೀರು. ಹುಬ್ಬಳ್ಳಿಯಲ್ಲಿ ನಳ ಬರುವುದು ನಾಲ್ಕೈದು ದಿನಕ್ಕೊಮ್ಮೆ. ಬಂದ ಸಿಹಿನೀರು ಕುಡಿಯುವುದಕ್ಕೆ, ಅಡಿಗೆಗೆ; ಉಳಿದದ್ದಕ್ಕೆಲ್ಲ ಬೋರು. ಇದು ನಮ್ಮೂರಿನ ಎಲ್ಲ ಮನೆಯ ಕಾನೂನು, ಅಕ್ಕ ಕಾನೂನು ಮುರಿದವಳಲ್ಲ.

ಹೋದ ಚಳಿಗಾಲದ ಆರಂಭದಲ್ಲಿ ಅಕ್ಕನ ಮಗಳು ಕರುಣಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅದೇ ವಾರ ಗೀಸರ್ ಕೆಟ್ಟಿತು. ಗೋಕುಲ ರಸ್ತೆಯಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಇಕ್ಬಾಲ ಬಂದು ಬಿಚ್ಚಿ, ಒಳಗಿನ ಕಾಯಿಲ್ ತೆಗೆದು ತೋರಿಸಿದ. ಅದಕ್ಕೆ ಸುಣ್ಣ ಹತ್ತಿ ಹೆಬ್ಬೆರಳಿನಷ್ಟು ದಪ್ಪವಾಗಿತ್ತು.

“ನೋಡ್ರಿ ಅಕ್ಕಾರ, ಇಷ್ಟ ದಿನಾ ನೀವು ನೀರು ಕಾಯ್ಸಿಲ್ರಿ, ಸುಣ್ಣಾ ಕಾಯ್ಸೀರಿ. ಕರೆಂಟ್ ಬಿಲ್ಲೂ ಸುಣ್ಣದ್ದ.”

“ಹೊಸಾದು ತಗೋಬೇಕಂತೀಯೇನಪಾ?”

“ಟಾಕಿ ಸೋರಿದ್ರ ಎಸೀರಿ ಅಂತಿದ್ದೆ. ಟಾಕಿ ಗಟ್ಟಿ ಐತ್ರಿ. ಕಾಯಿಲು, ಥರ್ಮೋಸ್ಟಾಟು, ಒಂದು ವಾಲ್ವು ಬದಲಿ ಮಾಡಿದ್ರ ಆತು. ಹೊಸಾದ್ರ ರೊಕ್ಕದಾಗ ಕಾಲು ಪಾಲು ಸೈತ ಆಗೂದಿಲ್ಲ. ಆದ್ರ ಇದಕ್ಕ ನಳದ ನೀರಿನ ಪೈಪ್ ಕೊಡಬೇಕ್ರಿ. ಇಲ್ಲಾಂದ್ರ ಮುಂದಿನ ಚಳಿಗಾಲಕ್ಕ ಮತ್ತ ನನಗ ಫೋನ್ ಮಾಡ್ತೀರಿ.”

ಕುಡಿಯುವ ನೀರನ್ನು ಮೈಮೇಲೆ ಸುರಿದುಕೊಳ್ಳುವುದೇ ಎಂದು ಅಕ್ಕ ಅವನಿಗೆ ಅರ್ಧ ತಾಸು ಪಾಠ ಮಾಡುತ್ತಾಳೆ ಎಂದುಕೊಂಡೆ. ಆಕೆ ಚೌಕಾಶಿಯನ್ನೂ ಮಾಡಲಿಲ್ಲ.

“ಹಾಕಪಾ ಪೈಪು. ಕೂಸಿಗೆ ಸವಳ ನೀರು ಹಾಕಾಕ ಬರೂದಿಲ್ಲ. ಮತ್ತ ಅರ್ಥಿಂಗ್ ನೋಡು, ಒದ್ದಿ ಕೈಲೆ ಸ್ವಿಚ್ ಮುಟ್ಟತೀವಿ.”

ಸುಣ್ಣ ತೆಗೆಯಲು ಇಕ್ಬಾಲ ಗೀಸರನ್ನು ಅಂಗಡಿಗೆ ಒಯ್ದ. ಅತ್ತ ಅದು ರಿಪೇರಿಯಾಗುತ್ತಿದ್ದಾಗ ಇತ್ತ ಅಕ್ಕನ ತಾಲೀಮು ನಡೆಯಿತು. ಬಾಣಂತಿಗೆಂದು ಅಂಟಿನುಂಡಿ ಕಟ್ಟಿ ಡಬ್ಬಿ ತುಂಬಿಸಿದಳು. ಕರುಣಾ ಹುಟ್ಟಿದಾಗ ತಾಯಿಗೂ ಕೂಸಿಗೂ ನೀರು ಎರೆದಿದ್ದ ಕಮರಿಪೇಟೆಯ ಯಂಕವ್ವನಿಗೇ ಮತ್ತೆ ಹೇಳಿ ಬಂದಳು. ಒಂದು ಹಳದಿ ಟಬ್ಬು ತಂದಳು. ಮೊದಲು ಟಬ್ಬಿನಲ್ಲಿ ಕೂಸಿಗೆ ಉಗುರುಬೆಚ್ಚಗಿನ ನೀರು, ಆಮೇಲೆ ಬಕೆಟಿನಲ್ಲಿ ಬಾಣಂತಿಗೆ ಸುಡುನೀರು ಎಂದು ನನಗೆ ನಾಲ್ಕು ಸಲ ಹೇಳಿ, ನನ್ನ ಬಾಯಿಂದ ಹೇಳಿಸಿದಳು. ನಾನು ಬೇಕೆಂದೇ ತಪ್ಪು ಹೇಳಿದರೆ ಕರುಣಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಗೀಸರ್ ಅಂಗಡಿಯಲ್ಲಿರುವಾಗಲೇ ಒಂದು ದಿನ ಕೂಸು ಹೊಟ್ಟೆಯಲ್ಲಿ ಅಲುಗಾಡುವುದು ನಿಂತಿತು. ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದರು. ಹೆಣ್ಣು. ಉಸಿರಿರಲಿಲ್ಲ. ಅಳಿಯ ಶಶಿಕುಮಾರ ಮಣ್ಣು ಮಾಡಿ ಬಂದು ಪಡಸಾಲೆಯಲ್ಲಿ ಕುಳಿತ. ಯಾರೋ ಅವನ ಕೈಗೆ ಚಹಾ ಕೊಟ್ಟರು. ಅದು ಕೈಯಲ್ಲೇ ಆರಿತು.

ಕರುಣಾ ಮನೆಗೆ ಬಂದಳು. ಅಕ್ಕ ಅಳಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದಳು, ಹೊತ್ತಿಗೆ ಸರಿಯಾಗಿ ಕಸ ಹೊಡೆದಳು. ದೂರದ ಅತ್ತೆಯೊಬ್ಬಳು ಮಾತಾಡಿಸಲು ಬಂದು, “ಕೂಸಿಲ್ಲದ ಮನಿಯಾಗ ಎಂಥಾ ಬಾಣಂತನ, ಎಲ್ಲಾ ತಗದಿಡ್ರಿ” ಎಂದಳು. ಅಕ್ಕ ಅಂಟಿನುಂಡಿ ಡಬ್ಬಿಯನ್ನು ಎತ್ತಿ ಅಟ್ಟದ ಮೇಲಿಟ್ಟಳು. ಗೀಸರ್ ತಯಾರಾಗಿದೆ ಎಂದು ಇಕ್ಬಾಲ ಫೋನ್ ಮಾಡಿದರೆ, “ಸದ್ಯ ಬ್ಯಾಡಪಾ” ಎಂದು ಇಟ್ಟಳು. ಹಾಜರಿ ಕೂಗುವಾಗಿನ ದನಿ ಅದು.

ಕರುಣಾ ಬೆಳಿಗ್ಗೆ ಎದ್ದು ಕೊರೆಯುವ ತಣ್ಣೀರಿನಲ್ಲೇ ಮೈ ತೊಳೆದುಕೊಂಡು ಬರುತ್ತಿದ್ದಳು. ಒಲೆಯ ಮೇಲೆ ಒಂದು ಬೋಗುಣಿ ನೀರಿಡುತ್ತೇನೆ ಎಂದರೆ ಬೇಡವೆಂದು ತಲೆಯಾಡಿಸುತ್ತಿದ್ದಳು. ಕುಪ್ಪಸ ಹಾಲಿನಿಂದ ಒದ್ದೆಯಾಗುತ್ತಿತ್ತು. ಬದಲಿಸಿಕೊಂಡು ಬಂದು ಮತ್ತೆ ಗೋಡೆ ನೋಡುತ್ತ ಕೂರುತ್ತಿದ್ದಳು. ಅವ್ವನ ಸೊಂಟದಂಥ ಸೊಂಟ ಈ ಮನೆಯಲ್ಲಿ ಇನ್ನೊಂದು ಆಗಬಾರದೆಂದು ಅಕ್ಕ ಗೀಸರ್ ಹಾಕಿಸಿದ್ದು. ಈಗ ಆಕೆಯ ಕಣ್ಣೆದುರೇ ಅದು ಆಗುತ್ತಿತ್ತು, ಆಕೆಗೆ ಕಾಣುತ್ತಿರಲಿಲ್ಲ. ನಾನು ಸಿಟ್ಟಿನವಳು, ಆದರೆ ಆ ಮನೆಯ ಹೊಸ್ತಿಲು ದಾಟಿದರೆ ನನ್ನ ಸಿಟ್ಟಿಗೂ ಜೋಮು ಹಿಡಿಯುತ್ತಿತ್ತು. ಸುಮ್ಮನೆ ಕುಳಿತು ಎದ್ದು ಬರುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಯಂಕವ್ವ ಎಣ್ಣೆಯ ಬಾಟಲಿ ಹಿಡಿದು ಬಾಗಿಲಿಗೆ ಬಂದಳು. ಅಕ್ಕ ಅಡ್ಡ ನಿಂತಳು.

“ಕೂಸಿಲ್ಲ, ಯಂಕವ್ವಾ.”

“ಕೇಳೇನ್ರಿ ಅಕ್ಕಾರ. ಹಡದಾಕಿ ಅದಾಳಲ್ರಿ ಒಳಗ?”

ಅಕ್ಕ ತಿರುಗಿ ಒಳಗಿನ ಖೋಲಿಯ ಕಡೆ ನೋಡಿದಳು.

“ಕೂಸು ಇದ್ರೂ ಎಲುಬು ಸಡ್ಲಾಗಿರತಾವು, ಇಲ್ಲದಿದ್ರೂ ಸಡ್ಲಾಗಿರತಾವು. ಹಡದ ಮೈಗೆ ಏನ್ ಗೊತ್ತಾಗತೈತ್ರಿ? ನೀರ ಎಲ್ಲೆ ಕಾಯ್ಸೀರಿ?”

ಅಕ್ಕ ಬಚ್ಚಲಿಗೆ ಹೋಗಿ ಗೋಡೆಯ ಖಾಲಿ ಬೋಲ್ಟುಗಳನ್ನು ನೋಡುತ್ತ ನಿಂತಳು. ನಾನು ಇಕ್ಬಾಲನಿಗೆ ಫೋನ್ ಹಚ್ಚಿ ಆಕೆಯ ಕಿವಿಗೆ ಹಿಡಿದೆ.

“ತಂದು ಹಾಕಪಾ,” ಎಂದಳು.

ಇಕ್ಬಾಲ ಮಧ್ಯಾಹ್ನವೇ ಬಂದ. ಅವನಿಗೆ ಸುದ್ದಿ ಗೊತ್ತಿತ್ತು. ಎಂದಿನಂತೆ ಹರಟಲಿಲ್ಲ. ಗೀಸರ್ ಕೂರಿಸಿ, ನಳದ ನೀರಿನ ಟಾಕಿಯಿಂದ ಹೊಸ ಪೈಪು ಕೊಟ್ಟು, ಅರ್ಥಿಂಗನ್ನು ಎರಡು ಸಲ ನೋಡಿ, ಚಹಾ ಕುಡಿಯದೆ ಹೋದ.

ಮರುದಿನ ಯಂಕವ್ವ ಬಂದಳು. ಅಕ್ಕ ಬಚ್ಚಲಲ್ಲಿ ಎಲ್ಲ ಹೊಂದಿಸಿ ಹೊರಗೆ ಬಂದು, ಬಾಗಿಲ ಬಳಿ ಟವೆಲು ಹಿಡಿದು ನಿಂತಳು. ಕರುಣಾ ಬೇಡವೆನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ಹೇಳಿದಲ್ಲಿ ಮಣೆಯ ಮೇಲೆ ಕುಳಿತಳು. ಯಂಕವ್ವ ಬೆನ್ನಿಗೆ, ಸೊಂಟಕ್ಕೆ ಎಣ್ಣೆ ತಿಕ್ಕಿ ನೀರಿಗೆಂದು ತಿರುಗಿದವಳು ಹಾಗೇ ನಿಂತಳು. ಹಬೆಯಾಡುವ ಬಕೆಟಿನ ಮುಂದೆ ಹಳದಿ ಟಬ್ಬು ಇತ್ತು. ಅದರ ತುಂಬ ಉಗುರುಬೆಚ್ಚಗಿನ ನೀರು.

ತಾಲೀಮು ಮಾಡಿದ ಕ್ರಮದಲ್ಲೇ ಅಕ್ಕನ ಕೈ ಕೆಲಸ ಮಾಡಿತ್ತು. ತಾನಿಟ್ಟದ್ದನ್ನು ಆಕೆ ಆಗಷ್ಟೇ ನೋಡಿದಳು. ನಾನು ಒಳಗೆ ನುಗ್ಗಿ, ಚೆಲ್ಲಿಬಿಡೋಣವೆಂದು ಟಬ್ಬಿಗೆ ಕೈ ಹಾಕಿದೆ.

“ಚೆಲ್ಲಬ್ಯಾಡ, ಚಿಗವ್ವಾ,” ಎಂದಳು ಕರುಣಾ. ಆಸ್ಪತ್ರೆಯಿಂದ ಬಂದ ಮೇಲೆ ಆಕೆ ತಾನಾಗಿ ಆಡಿದ ಮೊದಲ ಮಾತು ಅದು. “ಮೊದಲ ಅದನ್ನ ಹಾಕ್ರಿ ನನಗ.”

ಯಂಕವ್ವ ಟಬ್ಬನ್ನು ಹತ್ತಿರ ಎಳೆದುಕೊಂಡಳು. ಕೂಸಿಗೆ ಎರೆಯುವ ಮೊದಲು ನೋಡುವಂತೆ ಮೊಣಕೈ ಅದ್ದಿ ಬಿಸಿ ನೋಡಿದಳು. ಆಮೇಲೆ ಚೊಂಬು ಚೊಂಬಾಗಿ ಮೊಗೆದು ಕರುಣಾಳ ನೆತ್ತಿಯ ಮೇಲೆ ಮೆಲ್ಲಗೆ ಬಿಟ್ಟಳು, ಕಣ್ಣಿಗೆ ನೀರು ಇಳಿಯದಂತೆ ಹಣೆಗೆ ಕೈ ಅಡ್ಡ ಹಿಡಿದು.

ಅಕ್ಕ ಬಚ್ಚಲ ಹೊಸ್ತಿಲ ಮೇಲೆ ಕುಸಿದು ಕುಳಿತು ದನಿ ತೆಗೆದು ಅತ್ತಳು. ಟಬ್ಬು ಖಾಲಿಯಾಗುವವರೆಗೂ ಯಾರೂ ಅವಸರ ಮಾಡಲಿಲ್ಲ. ಅಷ್ಟರಲ್ಲಿ ಬಾಣಂತಿಯ ಬಕೆಟಿನ ನೀರು ಆರುತ್ತ ಬಂದಿತ್ತು. ನಾನು ಕೈ ಒರೆಸಿಕೊಂಡು ಗೀಸರಿನ ಸ್ವಿಚ್ ಹಾಕಿದೆ.