ಬಾವ್ಯಾಗ ಸಿಕ್ತು ಅಂದ ಮಾತು

ನಮ್ಮ ಮನಿಯಾಗ ಜಗಳ ಇಲ್ಲದ ಮುಂಜಾನಿನ ಇರ್ತಿರ್ಲಿಲ್ಲ. ಇಳಕಲ್ಲಿನ ನೇಕಾರ ಓಣಿ, ಎಮರ್ಜೆನ್ಸಿ ಮುಗಿದ ಮ್ಯಾಲಿನ ವರ್ಷಗಳು. ಪಡಸಾಲಿ ಮೂಲ್ಯಾಗ ನಮ್ಮತ್ತಿ ಎಡಗೈಯಾಗ ಲಿಂಗ ಇಟ್ಕೊಂಡು ಪೂಜಿಗೆ ಕೂತಿರ್ತಿದ್ಲು. ಈ ಕಡೆ ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಆಕಿ ಮಗ, ಅಂದ್ರ ನಮ್ಮ ಮನಿಯವರು, ಸೀರಿ ನೇಯ್ಕೊಂತ, "ಯವ್ವಾ, ಆ ಕಲ್ಲು ಇವತ್ತೇನರ ಮಾತಾಡ್ತೇನು?" ಅಂತ ಕೇಳ್ತಿದ್ರು. "ನಿನ್ನಂಥಾ ಮಗನ್ನ ಹಡದಾಕಿ ಜೋಡಿ ಏನ್ ಮಾತಾಡೂದಂತ ಸುಮ್ನ ಕುಂತೈತಿ," ಅಂತಿದ್ಲು ಆಕಿ. ಇಬ್ರೂ ನಗ್ತಿದ್ರು. ನಾ ಹೊಸದಾಗಿ ಮದಿವ್ಯಾಗಿ ಬಂದಾಗ ಇದನ್ನ ಕೇಳಿ ಹೆದರಿದ್ದೆ. ಆಮ್ಯಾಲ ತಿಳೀತು, ಇಷ್ಟು ಆಡದಿದ್ರ ಇಬ್ರಿಗೂ ಹೊತ್ತು ಹೋಗಂಗಿಲ್ಲ ಅಂತ.

ನಮ್ಮವರು ಹರೇದಾಗನ ಕೊರಳಾಗಿನ ಲಿಂಗ ತಗದು ತಾಯಿ ಕೈಯಾಗ ಇಟ್ಟಿದ್ರಂತ. ಆಕಿ ಅತ್ತು ಕರದು ಅದನ್ನ ಮಠಕ್ಕ ಒಪ್ಪಿಸಿ ಬಂದಿದ್ಲು. ಆದ್ರ ಮಗನ್ನ ಮನಿ ಬಿಟ್ಟು ಹೋಗಂತ ಒಂದಿನಾನೂ ಅಂದಾಕಿ ಅಲ್ಲ. ಇವರೋ, ಬಸ್ ಸ್ಟ್ಯಾಂಡಿನ ಚಾದಂಗಡ್ಯಾಗ, ಹುನಗುಂದದ ಸಂತ್ಯಾಗ, ಎಲ್ಲಿ ನಾಕು ಮಂದಿ ಕೂಡ್ತಾರೋ ಅಲ್ಲಿ ದೇವರಿಲ್ಲ ಅಂತ ಒದರಿ ಬರಾವ್ರು. ಮಂದಿ ಬಂದು ಚಾಡಿ ಹೇಳಿದ್ರ ಅತ್ತಿ, "ಮನಿಯಾಗೂ ಅಂವಾ ಅದನ್ನ ಹೇಳ್ತಾನ್ರಿ. ಹೊರಗೊಂದು ಒಳಗೊಂದು ಮಾತಾಡೂ ಮಗನ್ನ ನಾ ಹಡದಿಲ್ಲ," ಅಂತಿದ್ಲು. ಹಂಗನ್ನೂವಾಗ ಆಕಿ ಮಾರಿ ಮ್ಯಾಲ ಸಣ್ಣ ಸೊಕ್ಕು ಇರ್ತಿತ್ತು.

ಒಂದು ಬ್ಯಾಸಗ್ಯಾಗ ಓಣಿ ಬಾವಿಗೆ ನೀರಿಗೆ ಹೋದ ಅತ್ತಿ ಬರೇ ಕೊಡ ತಗೊಂಡು ತಿರುಗಿ ಬಂದ್ಲು. ಹಗ್ಗ ಜಗ್ಗೂವಾಗ ಹಳೇ ಶಿವದಾರ ಹರಿದು, ವಸ್ತ್ರದಾಗ ಕಟ್ಟಿ ಕೊರಳಿಗೆ ಹಾಕ್ಕೊಂಡಿದ್ದ ಲಿಂಗ ಬಾವ್ಯಾಗ ಬಿದ್ದಿತ್ತು. ಲಿಂಗಪೂಜಿ ಆಗದ ಆಕಿ ಹನಿ ನೀರು ಬಾಯಾಗ ಹಾಕ್ಕೊಂಡಾಕಿ ಅಲ್ಲ, ಜ್ವರ ಬಂದಾಗೂ ಇಲ್ಲ, ಗಂಡ ಸತ್ತ ದಿನಾನೂ ಇಲ್ಲ. ಈಗ ಪೂಜಿ ಮಾಡಾಕ ಲಿಂಗನ ಇಲ್ಲ. ಗ್ವಾಡಿಗೆ ಬೆನ್ನು ಹಚ್ಚಿ ಕೂತು, "ಸಿಕ್ಕರ ಉಣ್ತೇನಿ. ಸಿಗಲಿಲ್ಲಂದ್ರ ಅದರ ಹಿಂದ ನಾನೂ ಹೋಗ್ತೇನಿ," ಅಂದ್ಲು. ಸಿಟ್ಟಿಲ್ಲ, ಅಳುವಿಲ್ಲ. ಅದಕ್ಕ ನನಗ ಹೆಚ್ಚು ಅಂಜಿಕಿ ಆತು.

ನಮ್ಮವರು ಧೋತರ ಎತ್ತಿ ಕಟ್ಟಿ ಬಾವಿಗೆ ಇಳಿದ್ರು. ಅವರು ಮುಳುಗಿ ಮುಳುಗಿ ತಳದ ರಾಡಿ ಬುಟ್ಟಿಗೆ ತುಂಬೂದು, ನಾ ಮ್ಯಾಲ ಜಗ್ಗಿ ಅದನ್ನ ಬೆರಳಾಗ ಹಿಚುಕಿ ನೋಡೂದು. ಬಳಿ ಚೂರು ಸಿಕ್ಕವು, ಮಕ್ಕಳ ಗೋಲಿ ಸಿಕ್ಕವು. ಕೂಡಿದ್ದ ಹೆಂಗಸ್ರಾಗ ಒಬ್ಬಾಕಿ ನನಗ ಕೇಳೂವಂಗ, "ಲಿಂಗ ಬಿದ್ದದ್ದಲ್ಲವ್ವಾ, ಆ ಮನಿ ಬ್ಯಾಡಂತ ಎದ್ದು ಹೋತು," ಅಂದ್ಲು. "ಹಂಗಾರ ನೀ ಇಳದು ಕರ್ಕೊಂಡು ಬಾ, ನಿನ್ನ ಮಾತರ ಕೇಳೀತು," ಅಂದೆ. ಬಾಯಿ ನನಗೂ ಐತಿ. ಹೊತ್ತು ಮುಳುಗೂತನಾ ಹುಡುಕಿದ್ರೂ ಲಿಂಗ ಸಿಗಲಿಲ್ಲ.

ಮರುದಿನ ಅತ್ತಿ ತುಟಿ ಒಡದಿದ್ವು. ನಾಲಿಗಿ ದಪ್ಪಾಗಿ ಮಾತು ತೊದಲಾಕತ್ತಿತ್ತು. ದವಾಖಾನಿ ಡಾಕ್ಟರು ಬಂದು ನೋಡಿ, ಸಂಜೀತನಾ ಹೊಟ್ಟ್ಯಾಗ ನೀರು ಹೋಗಲಿಲ್ಲಂದ್ರ ಉಳಿಯೂದು ಕಷ್ಟ ಅಂದ್ರು. ಸಲಾಯಿನ್ ಹಚ್ಚಾಕ ಹೋದ್ರ ಕೈ ಝಾಡಿಸಿದ್ಲು. ಸೂಜಿಲೆ ಕುಡದ್ರೂ ಕುಡದಂಗ ಅಂತ.

ಆಮ್ಯಾಲ ಓಣಿಯ ಅಯ್ಯನೋರು ಬಂದ್ರು. ಮನಿಮನಿಗೆ ಲಿಂಗ ಕಟ್ಟೂ ಹಿರ್ಯಾರು ಅವರು. ಹೊಸಾ ಲಿಂಗ ತಂದಿದ್ರು. "ದೀಕ್ಷಾ ಕೊಟ್ಟು ಕಟ್ತೇನವ್ವಾ, ದೋಷ ಇಲ್ಲ," ಅಂದ್ರು. ಅತ್ತಿ ಕಣ್ಣು ತಗೀಲಾರದ, "ಗಂಡ ಸತ್ತಾಗ ಬ್ಯಾರೆ ಗಂಡನ್ನ ತಂದು ಕೂಡಿಸಿದ್ರೇನ್ರಿ ಅಯ್ಯನವರ?" ಅಂದ್ಲು. ಜೀವಾ ಹೋಗೂ ಹೊತ್ತಿನ್ಯಾಗೂ ಆ ಬಾಯಿ ನೋಡ್ರಿ.

ಅಯ್ಯನೋರು ಸೀದಾ ಬಾವಿ ಕಡೆ ನಡದ್ರು, ನಾ ಅವರ ಹಿಂದ. ನಮ್ಮವರು ಮೈತುಂಬ ರಾಡಿ ಆಗಿ ಬಾವಿಕಟ್ಟಿ ಮ್ಯಾಲ ಕೂತಿದ್ರು. ಅಯ್ಯನೋರು ಹೊಸಾ ಲಿಂಗ ಮುಂದ ಹಿಡದು ಅಂದ್ರು, "ತಮ್ಮಾ, ಇದಕ್ಕ ರಾಡಿ ಹಚ್ಚು. ಬಾವ್ಯಾಗ ಸಿಕ್ತು ಅಂತ ಒಂದು ಮಾತು ಹೇಳು. ಪಾಪ ನನಗಿರ್ಲಿ."

"ನೀವ ಹೇಳ್ರಿ," ಅಂದ್ರು ಇವರು.

"ನಾ ಹೇಳಿದ್ರ ನಂಬಂಗಿಲ್ಲ. ಜೀವಾ ಉಳಸಾಕ ಅಯ್ಯ ಒಂದು ಸುಳ್ಳು ಹೇಳ್ಯಾನು ಅಂತ ಆಕಿಗೆ ಗೊತ್ತೈತಿ. ನೀ ಹೇಳಂಗಿಲ್ಲ ಅಂತನೂ ಗೊತ್ತೈತಿ."

ನಮ್ಮವರು ಕೈಯಾಗಿನ ರಾಡಿ ಧೋತರಕ್ಕ ಒರಸಿದ್ರು. "ನನ್ನ ಕಡೆ ಆಕಿ ನಂಬೂದು ಅದೊಂದ ಐತ್ರಿ, ಅಯ್ಯನವರ. ಅದರ ಮ್ಯಾಲನ ಮೋಸ ಮಾಡ್ಲೇನು?" ಅಂದ್ರು.

ನನ್ನ ತಲಿ ಕೆಟ್ಟು ಹೋತು. "ಒಂದು ಸುಳ್ಳು ಹೇಳಿದ್ರ ನರಕಕ್ಕ ಹೋಗ್ತೀರೇನು? ನಿಮಗಂತೂ ನರಕಾನೂ ಇಲ್ಲ. ಆಕಿ ಸತ್ತ ಮ್ಯಾಲ ನಿಮ್ಮ ಖರೆ ಮಾತು ಯಾರ ಮುಂದ ಹೇಳ್ತೀರಿ?" ಅಂದೆ. ಗಂಡನ ಮುಂದ ಹಂಗ ದನಿ ಏರಿಸಿದ್ದು ಅದ ಮೊದಲು. ಅಂದು, ಕಾಲಿಗೆ ಬಿದ್ದೆ. ಅವರು ಕಾಲು ಕೊಸರಿಕೊಂಡು ಎದ್ರು, ಅಯ್ಯನೋರ ಕೈಯಾಗಿನ ಲಿಂಗ ಇಸ್ಕೊಂಡು ಹಳೇ ಅರಿವಿ ತುಂಡಿನ್ಯಾಗ ಕಟ್ಟಿ ರಾಡ್ಯಾಗ ಅದ್ದಿದ್ರು. ಸೀರಿಯ ಒಂದೆಳಿ ತಪ್ಪದ ಕೈ ಅವು, ಆವತ್ತು ಒಂದು ಗಂಟು ಹಾಕಾಕ ಬರವಲ್ದಾಗಿತ್ತು.

ಮನಿಗೆ ಬಂದು ಅತ್ತಿ ಮಗ್ಗಲಕ ಕೂತು, "ಸಿಕ್ತು ಯವ್ವಾ," ಅಂದ್ರು.

ಅತ್ತಿ ಕಣ್ಣು ತಗದ್ಲು. "ಎಲ್ಲಿ?"

"ಬಾವ್ಯಾಗ. ಕಲ್ಲಿನ ಸಂದ್ಯಾಗ ಕುಂತಿತ್ತು."

ಆಕಿ ಗಂಟು ಬಿಚ್ಚಿ, ಎಡಗೈಯಾಗ ಇಟ್ಕೊಂಡು ಹೆಬ್ಬಟ್ಟಿಲೆ ಸುತ್ತ ತಿಕ್ಕಿದ್ಲು. ತಿಕ್ಕಿದ್ಲು, ನಿಲ್ಲಿಸಿದ್ಲು, ಮತ್ತ ತಿಕ್ಕಿದ್ಲು. ಆಮ್ಯಾಲ ಮಗನ ಮಾರಿ ನೋಡಿದ್ಲು. ಅವರು ನೆಲಾ ನೋಡಾಕತ್ತಿದ್ರು. "ನಂದ ಐತಿ," ಅಂದ್ಲು. ಕೂತಲ್ಲೆ ಪೂಜಿ ಮಾಡಿ ನೀರು ಕುಡದ್ಲು. ನನಗ ಅಳು ತಡಕೊಳ್ಳಾಕ ಆಗಲಿಲ್ಲ, ಒಲಿ ಮುಂದ ಹೋಗಿ ಕೂತು ಅತ್ತೆ.

ನಾಸ್ತಿಕನ ಕೈಗೆ ದೇವರು ತಾನ ಬಂದು ಸಿಕ್ಕ ಅಂತ ಊರೆಲ್ಲಾ ಸುದ್ದಿ ಆತು. ಚಾದಂಗಡ್ಯಾಗ ಮಂದಿ ಇವರನ್ನ ಹಿಡದು ಕೇಳಾಕತ್ರು. ಇಲ್ಲ ಅನ್ನಾಕ ಬರಂಗಿಲ್ಲ, ಹೌದು ಅನ್ನಾಕ ಬಾಯಿ ಏಳಂಗಿಲ್ಲ. ಇವರು ಬಸ್ ಸ್ಟ್ಯಾಂಡ್ ಕಡೆ ಹೋಗೂದ ಬಿಟ್ರು. ಮನಿಯಾಗೂ ಜಗಳ ನಿಂತ್ವು. ಮುಂಜಾನಿ ಅತ್ತಿ ಪೂಜಿಗೆ ಕೂತ್ರ ಇವರು ಮಗ್ಗ ನಿಲ್ಲಿಸಿ ಸುಮ್ನ ನೋಡ್ತಿದ್ರು. ಆಕಿ ಮೊದಲಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿ ಕೂಡ್ತಿದ್ಲು. ಅದನ್ನ ನೋಡಿದ್ರ ಇವರ ಮಾರಿ ಒಂದೀಟು ತಿಳಿ ಆಗ್ತಿತ್ತು. ನನ್ನ ಖರೆ ಮಾತು ಹೋದ್ರೂ ಹೋಗ್ಲಿ, ಅವ್ವಗ ಆಕಿ ದೇವರು ಸಿಕ್ಕ ಅಂತ ಅವರಿಗೆ ಸಮಾಧಾನ.

ಒಂದಿನ ಇವರು ಸೀರಿ ಕೊಡಾಕ ಬಾಗಲಕೋಟಿಗೆ ಹೋಗಿದ್ರು. ನಾ ಬಟ್ಟಿ ಒಗದು ಒಳಗ ಬಂದ್ರ ಅತ್ತಿ ತಾಟು ಮುಂದಿಟ್ಕೊಂಡು ರೊಟ್ಟಿ ಉಣ್ಣಾಕತ್ತಿದ್ಲು. ಪೂಜಿಗೆ ಕೂಡೂ ಮಣಿ ಗ್ವಾಡಿಗೆ ಒರಗಿಸಿದ್ದು ಹಂಗ ಇತ್ತು, ವಿಭೂತಿ ಬಟ್ಟಲಾ ಮುಚ್ಚಿದ್ದು ತಗದಿರ್ಲಿಲ್ಲ.

"ಅತ್ತಿ, ಪೂಜಿ?" ಅಂದೆ.

"ಅಂವಾ ಊರಾಗ ಇಲ್ಲಲ್ಲ," ಅಂದ್ಲು.

ನಾ ಹಸಿ ಬಟ್ಟಿ ಕೆಳಗಿಟ್ಟು ಆಕಿ ಮುಂದ ಕೂತೆ. ಆಕಿ ಇನ್ನೊಂದು ತುತ್ತು ಪಲ್ಯಾದಾಗ ಹೊಳ್ಳಿಸಿದ್ಲು. "ನಂದು ಬಾವ್ಯಾಗನ ಐತಿ. ಕೈಯಾಗ ಹಿಡದ ಕೂಡ್ಲೆ ಗೊತ್ತಾತು. ಬಾಯಿ ತಗದು ಸುಳ್ಳಾಡಲಾರದಂಥಾ ಮಗಾ, ನಿಂತು ಸುಳ್ಳಾಡಿದ. ನೀರು ಒಲ್ಲೆ ಅಂದಿದ್ರ ಅಂವಾ ಬದುಕ್ತಿದ್ದನೇನು?"

"ಹಂಗಾರ ದಿನಾ ಅಷ್ಟೊತ್ತು ಕಣ್ಣು ಮುಚ್ಚಿ ಕೂಡ್ತೀರಲ್ರಿ, ಏನು ಕಾಣ್ತೈತಿ?"

"ಏನೂ ಇಲ್ಲ," ಅಂದ್ಲು. "ಅಂವಾ ಹೇಳ್ತಿದ್ದನಲ್ಲ, ಖರೇನ ಹಂಗ ಐತಿ. ಅಂವಗ ಹೇಳಬ್ಯಾಡ."